ಎರೆ ಹೊಲದ ಮೇಲೆ ಎಂಜಿನ್ ನಿಂತರೆ

2017ರ ಮೇ 25ರಂದು ಮಹಾರಾಷ್ಟ್ರದ ನಿಲಂಗಾದಿಂದ ಮೇಲೆದ್ದ ಸಿಕೋರ್ಸ್ಕಿ ಹೆಲಿಕಾಪ್ಟರ್ ಕ್ಷಣಗಳಲ್ಲೇ ವಿದ್ಯುತ್ ತಂತಿಗೆ ಸಿಕ್ಕಿ ನೆಲಕ್ಕೆ ಬಿತ್ತು. ಒಳಗಿದ್ದವರು ಆ ರಾಜ್ಯದ ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್. ಗಾಳಿಯ ವರಸೆ ಬದಲಾದದ್ದನ್ನು ಕಂಡು ಪೈಲಟ್ ಮತ್ತೆ ಇಳಿಸಲು ಹೊರಟಾಗ ಹೀಗಾಯಿತು. ಮುಖ್ಯಮಂತ್ರಿಯೂ ಜೊತೆಗಿದ್ದವರೂ ಬದುಕಿ ಹೊರಬಂದರು. ಅದು ಹಳೆಯ ಯಂತ್ರವಲ್ಲ, ಎಂಜಿನ್ ಕೈಕೊಟ್ಟ ಪ್ರಕರಣವೂ ಅಲ್ಲ. ಆದರೆ ಹಳೆ ವಿಮಾನಗಳನ್ನು ಪ್ರೀತಿಸುವ ನಾನು ಆ ಸುದ್ದಿಯಲ್ಲಿ ಹುಡುಕಿದ್ದು ನೆಲದ ಗುಣವನ್ನು. ಈ ಸೀಮೆಯಲ್ಲಿ ತುರ್ತಾಗಿ ಇಳಿಯಬೇಕಾದವನಿಗೆ ಏನೇನು ಎದುರಾಗುತ್ತದೆ?

ಪ್ರಶ್ನೆ ಬರಿಯ ಕುತೂಹಲದ್ದಲ್ಲ. ನಿಲಂಗಾ, ಅದೇ ಸೀಮೆಯ ಉದಗೀರ ಎರಡೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಊರುಗಳು. ಬೀದರಿನ ವಾಯುನೆಲೆಯಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ನಡೆಯುತ್ತಿದ್ದ ಕಾಲದಲ್ಲಿ ಹುಡುಗರು ಮೊದಲ ಪಾಠ ಕಲಿತದ್ದು ಎಚ್‌ಟಿ-2ರಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಒಂದರ ಹಿಂದೊಂದು ಎರಡು ಆಸನ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್, ಬಾಲದಡಿ ಪುಟ್ಟ ಚಕ್ರ, ತುಂಬಿದ ತೂಕ ಒಂದು ಟನ್ನಿನ ಆಸುಪಾಸು. ಬೀದರಿನಿಂದ ಉದಗೀರ ಅದಕ್ಕೆ ಅರ್ಧ ಗಂಟೆಯ ದಾರಿಯೂ ಅಲ್ಲ.

ಇರುವುದು ಒಂದೇ ಎಂಜಿನ್. ಅದು ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಆಗ ಪ್ರಾಣ ಉಳಿಸುವುದು ನಿಧಾನ. ಬಡಿತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ ವಿಮಾನಕ್ಕಿಂತ 130ರಲ್ಲಿ ಮುಟ್ಟುವುದು ಎರಡು ಪಟ್ಟು ಶಕ್ತಿ ಹೊತ್ತು ತರುತ್ತದೆ. ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ ಆ 90 ನೆಲದ ಲೆಕ್ಕದಲ್ಲಿ 70 ಆಗುತ್ತದೆ, ಶಕ್ತಿ ಶೇ. 40ರಷ್ಟು ಕರಗುತ್ತದೆ. ಹಳೆಯ ಹಗುರ ವಿಮಾನದ ದೊಡ್ಡ ಗುಣವೇ ಮೆಲ್ಲಗೆ ಇಳಿಯಬಲ್ಲದ್ದು. ‘ಹಳೆಯದು, ಆದ್ದರಿಂದ ಅಪಾಯ’ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಎಚ್‌ಟಿ-2ರ ಉತ್ತರಾಧಿಕಾರಿಯಾಗಿ 1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ದೀಪಕ್‌ಗೆ 260 ಅಶ್ವಶಕ್ತಿಯಿತ್ತು. ಎಂಜಿನ್ ನಿಂತ ಮೇಲೆ ತೇಲುವ ಗುಣ ಮಾತ್ರ ಕಡಿಮೆ. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಹೋದರು. 2009ರ ಜುಲೈ 31ರಂದು ಹೈದರಾಬಾದ್ ಬಳಿ ಇಬ್ಬರು ಬೋಧಕರು ಸತ್ತ ನಂತರ ಅದರ ಹಾರಾಟ ನಿಂತಿತು. ಅಷ್ಟು ಜೀವ ಹೋಗುವವರೆಗೂ ಕಾದದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಇನ್ನು ನೆಲ. ಬೀದರ ಊರಿನದು ಜಂಬಿಟ್ಟಿಗೆಯ ಕೆಂಪು ನೆಲ; ಉದಗೀರ, ನಿಲಂಗಾ, ಉಮರ್ಗಾ ಕಡೆ ಹೆಚ್ಚಿನದು ಎರೆ. ಮಳೆ ಬಿದ್ದ ಎರೆ ಹೊಲ ಮೇಲಿನಿಂದ ನೋಡಲು ನುಣ್ಣಗೆ, ಆದರೆ ಚಕ್ರ ಹೂತುಕೊಂಡಿತೆಂದರೆ ಬಾಲ ಎದ್ದು ವಿಮಾನ ಅಂಗಾತ ಮಗುಚುತ್ತದೆ. ಮೇ ತಿಂಗಳಲ್ಲಿ ಅದೇ ಹೊಲ ಗಟ್ಟಿ, ಮೈತುಂಬ ಬಿರುಕು. ಜೋಳ ಕೊಯ್ದ ಕೂಳೆ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಬಲಿತ ತೊಗರಿಯ ಗಿಡ ಕಟ್ಟಿಗೆಯಷ್ಟು ಬಿರುಸು, ಎತ್ತರದ ಕಬ್ಬಂತೂ ಚಕ್ರವನ್ನು ಹಿಡಿದೇ ಬಿಡುತ್ತದೆ. ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ. ಬದು ಎಲ್ಲಿದೆಯೆಂದು ಮೊದಲೇ ನೋಡಬೇಕು. ಗಾಳಿಯ ದಿಕ್ಕನ್ನು ರವದಿ ಸುಡುವ ಹೊಗೆ ಹೇಳುತ್ತದೆ, ಟ್ರ್ಯಾಕ್ಟರ್ ಎಬ್ಬಿಸಿದ ದೂಳು ಹೇಳುತ್ತದೆ. ಉಮರ್ಗಾ ಹಾದುಹೋಗುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಆಸೆ ಹುಟ್ಟಿಸುತ್ತದೆ. ಅದರ ಮೇಲೆ ಲಾರಿಗಳಿವೆ, ಅವುಗಳಲ್ಲಿ ಮನುಷ್ಯರಿದ್ದಾರೆ, ಹೊಲವೇ ಲೇಸು. ಪಂಪ್‌ಸೆಟ್ಟಿಗೆ ಹೋಗುವ ತಂತಿ ಆಕಾಶದಿಂದ ಕಾಣುವುದೇ ಇಲ್ಲ, ಕಾಣುವುದು ಕಂಬ. ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ತಿಳಿಯಬೇಕು.

ನಿಜವಾದ ಹಳೆ ವಿಮಾನದಲ್ಲಿ ಎಂಜಿನ್ ನಿಂತು ಬದುಕಿದವರಲ್ಲಿ ಲೋಕಕ್ಕೆಲ್ಲ ಗೊತ್ತಿರುವವರು ನಟ ಹ್ಯಾರಿಸನ್ ಫೋರ್ಡ್. 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಹೊರಟ ಅವರ ರಯಾನ್ ಪಿಟಿ-22, ಎರಡನೆಯ ಮಹಾಯುದ್ಧ ಕಾಲದ ತರಬೇತಿ ವಿಮಾನ. ಮೇಲೇರುವಾಗಲೇ ಎಂಜಿನ್ ಸೊರಗಿತು. ನಿಲ್ದಾಣಕ್ಕೆ ಮರಳುವಷ್ಟು ಎತ್ತರವಿಲ್ಲವೆಂದು ಅರಿವಾದಾಗ ಅವರು ಗಾಲ್ಫ್ ಮೈದಾನ ಆರಿಸಿಕೊಂಡರು, ಮರದ ತುದಿಗೆ ತಾಗಿ ಬಿದ್ದರು, ಮೂಳೆ ಮುರಿದುಕೊಂಡು ಬದುಕಿದರು. ತನಿಖೆಯಲ್ಲಿ ಸಿಕ್ಕ ಕಾರಣ ಬೆರಳ ತುದಿಯಷ್ಟರದು: ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಅಳೆದುಬಿಡುವ ಜೆಟ್ ತಿರುಪು ಸಡಿಲಗೊಂಡು ಕಳಚಿತ್ತು, ಎಂಜಿನ್ನಿಗೆ ಪೆಟ್ರೋಲ್ ಮಿತಿಮೀರಿ ನುಗ್ಗಿತ್ತು. ಭುಜದ ಪಟ್ಟಿಯನ್ನು ಬಿಗಿದಿದ್ದ ಆಸನದ ಬೆನ್ನಿಗೆ ಸಾಕಷ್ಟು ಬಲ ಕೊಟ್ಟಿರಲಿಲ್ಲವೆಂದೂ, ಗಾಯ ಹೆಚ್ಚಿದ್ದು ಅದರಿಂದಲೆಂದೂ ವರದಿ ಹೇಳಿತು. ಹಳೆ ವಿಮಾನ ಇಟ್ಟುಕೊಂಡವರು ಬಣ್ಣ, ಹೊಳಪಿಗೆ ಕೊಡುವ ಗಮನವನ್ನು ಕಾರ್ಬ್ಯುರೇಟರಿಗೂ ಪಟ್ಟಿಗೂ ಮೊದಲು ಕೊಡಬೇಕು.

ನಮ್ಮಲ್ಲೂ ಹೊಲಕ್ಕಿಳಿಯುವುದು ನಿಂತಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಉಳಿದರು. ಇಂಥ ಕಡೆ ಮೊದಲು ಓಡಿಬರುವವರು ಊರವರೇ. ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಕಡೆಯ ರೈತರಲ್ಲಿ ನನ್ನ ವಿನಂತಿ ಇಷ್ಟು. 112ಕ್ಕೆ ಕರೆ ಮಾಡಿ. ಬೀಡಿ ಹಚ್ಚಬೇಡಿ, ಪೆಟ್ರೋಲ್ ಸೋರುತ್ತಿರಬಹುದು. ತಂತಿ ಹರಿದಿದ್ದರೆ ಕರೆಂಟು ತೆಗೆಸುವವರೆಗೆ ಹತ್ತಿರ ಹೋಗಬೇಡಿ. ನಿಂತ ಪ್ರೊಪೆಲ್ಲರನ್ನು ಮುಟ್ಟಬೇಡಿ, ಅದು ತಟ್ಟನೆ ತಿರುಗಿಬಿಡಬಹುದು. ಒಳಗಿದ್ದವರನ್ನು ಹೊರತೆಗೆದ ಮೇಲೆ ವಿಮಾನದ ಯಾವ ಚೂರನ್ನೂ ಎತ್ತಿಕೊಂಡು ಹೋಗಬೇಡಿ. ಕಾರಣ ಹೇಳುವ ಜೆಟ್ ಅದರಲ್ಲೇ ಇರಬಹುದು.