ಯಾರ ಮನೆಯ ದೆವ್ವ?

ನಮ್ಮ ಕೇರಿಯ ದೆವ್ವಕ್ಕೆ ಮನೆ ಅಂತ ಇರೋದಿಲ್ಲ. ಹುಣಸೆಮರ, ಹಾಳುಬಾವಿ, ಊರಾಚೆಯ ಮೋರಿ, ಸುಡುಗಾಡಿನ ದಾರಿ, ಇಷ್ಟೇ ಅದರ ಆಸ್ತಿ. ಸಿನಿಮಾದ ದೆವ್ವಕ್ಕೆ ಮಾತ್ರ ಅರಮನೆ ಬೇಕು, ಬೀಗ ಜಡಿದ ಕೋಣೆ ಬೇಕು. ದೊಡ್ಡ ಮನೆಯಲ್ಲಿ ಬೀಗ ಜಡಿದ ಕೋಣೆಯೊಂದು ಇದೆ ಎಂದರೆ ಆ ಮನೆಯವರು ಯಾರಿಗೋ ಮಾಡಿದ ಅನ್ಯಾಯ ಒಳಗೆ ಕೂತಿದೆ ಎಂದೇ ಅರ್ಥ. ಆದ್ದರಿಂದ ದೆವ್ವದ ಚಿತ್ರ ನೋಡಿ ಬಂದವರನ್ನು 'ಎಷ್ಟು ಹೆದರಿದ್ರಿ?' ಎಂದು ಕೇಳುವುದಕ್ಕಿಂತ 'ಅಲ್ಲಿ ಯಾರು ಯಾರಿಗೆ ಹೆದರಿದರು?' ಎಂದು ಕೇಳುವುದು ಮೇಲು. ಕಥೆ, ಕಾದಂಬರಿಗಳಿಗೆ ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಕೇಳುತ್ತಲೇ ಬಂದಿದೆ. ಜನ ಮುಗಿಬಿದ್ದು ನೋಡುವ ಸಿನಿಮಾಕ್ಕೆ ಕೇಳಿದ್ದು ಕಡಿಮೆ.

ಇಲ್ಲಿ ಎರಡು ಚಿತ್ರಗಳನ್ನು ಎದುರುಬದುರು ಇಟ್ಟಿದ್ದೇನೆ. ಒಂದು, ಪಿ. ವಾಸು ನಿರ್ದೇಶನದ 'ಆಪ್ತಮಿತ್ರ' (2004). ಇನ್ನೊಂದು, ರಾಹುಲ್ ಸದಾಶಿವನ್ ಅವರ ಮಲಯಾಳಂ ಚಿತ್ರ 'ಭ್ರಮಯುಗಂ' (2024). ಮೊದಲನೆಯದು ಬಣ್ಣ, ಹಾಡು, ನಗೆ, ತಾರೆಯರ ಜಾತ್ರೆ. ಎರಡನೆಯದು ಪೂರ್ತಿ ಕಪ್ಪು-ಬಿಳುಪು. ಪಾಳುಬಿದ್ದ ಮನೆ, ಮಳೆ, ಮೂವರು ಗಂಡಸರು. ಎರಡರ ಬೇರೂ ಕೇರಳದಲ್ಲೇ ಇದೆ. ಯಾಕೆಂದರೆ ಆಪ್ತಮಿತ್ರದ ಮೂಲ ಫಾಝಿಲ್ ಅವರ 1993ರ 'ಮಣಿಚಿತ್ರತ್ತಾಳ್'.

ಆಪ್ತಮಿತ್ರದ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಸೌಂದರ್ಯ ಆಗಸ್ಟ್‌ನಲ್ಲಿ ತೆರೆಯ ಮೇಲೆ ನಾಗವಲ್ಲಿಯಾಗಿ ಕುಣಿದಾಗ ಥಿಯೇಟರುಗಳು ಉಸಿರು ಹಿಡಿದಿದ್ದವು. ಸೌಮ್ಯ ಗೃಹಿಣಿ ಗಂಗಾಳ ಕಣ್ಣಲ್ಲಿ ಇನ್ನೊಬ್ಬ ಹೆಂಗಸು ಬಂದು ನಿಲ್ಲುವ ಆ ಗಳಿಗೆ ಕನ್ನಡ ಸಿನಿಮಾದಲ್ಲಿ ಅಪರೂಪದ್ದು. ವಿಚಾರವಾದಿ ಗೆಳೆಯರಿಗೂ ಚಿತ್ರ ಹಿಡಿಸಿತು. ವಿಷ್ಣುವರ್ಧನ್ ಪಾತ್ರದ ಮನೋವೈದ್ಯ, ಇದು ದೆವ್ವದ ಚೇಷ್ಟೆಯಲ್ಲ, ಮನಸ್ಸಿನ ಕಾಯಿಲೆ ಅಂತ ಹೇಳಿಬಿಡುತ್ತಾನಲ್ಲ.

ತಕರಾರು ಇರೋದು ಇಲ್ಲೇ. ಕಥೆಯ ಬುಡದಲ್ಲಿ ಒಂದು ಕೊಲೆ ಇದೆ. ತೆಲುಗು ಸೀಮೆಯ ನರ್ತಕಿಯೊಬ್ಬಳನ್ನು ರಾಜ ತನ್ನ ಸ್ವತ್ತು ಮಾಡಿಕೊಂಡ, ಅವಳು ಮೆಚ್ಚಿದವನನ್ನು ಕೊಂದ, ಅವಳನ್ನೂ ಕೊಂದ. ಚಿತ್ರ ಅವಳ ಜಾತಿ ಹೇಳುವುದಿಲ್ಲ. ಆದರೆ ದೇವರ ಹೆಸರಲ್ಲಿ ಹೆಣ್ಣು ಬಿಡುವುದನ್ನು ತಡೆಯಲು 1982ರಲ್ಲೂ ಕಾಯ್ದೆ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ಹಾಗೆ ಬಿಟ್ಟ ಹೆಣ್ಣುಮಕ್ಕಳು ಬಹುಪಾಲು ಯಾವ ಕೇರಿಯವರು ಎಂಬುದು ಈ ಪುಟಗಳ ಓದುಗರಿಗೆ ಗೊತ್ತು. ಚಿತ್ರಕ್ಕೆ ಈ ಕೊಲೆ ಬರೀ ಹಿನ್ನೆಲೆ. ಅದರ ಚಿಂತೆಯೆಲ್ಲ ಮನೆಯೊಡತಿಯ ಆರೋಗ್ಯದ್ದು. ಕೊನೆಗೆ ವೈದ್ಯರೂ ಆಚಾರ್ಯರೂ ಒಂದಾಗುತ್ತಾರೆ, ರಾಜನ ಜಾಗದಲ್ಲಿ ಗೊಂಬೆ ಇಡುತ್ತಾರೆ, ನಿನ್ನ ಸೇಡು ತೀರಿತು ಅಂತ ನಾಗವಲ್ಲಿಯನ್ನು ನಂಬಿಸುತ್ತಾರೆ. ಗಂಗಾ ಗುಣವಾಗುತ್ತಾಳೆ. ಅರಮನೆ ಅರಮನೆಯಾಗಿಯೇ ಉಳಿಯುತ್ತದೆ. ನಾಗವಲ್ಲಿ ಕೇಳಿದ್ದು ನ್ಯಾಯ, ಸಿಕ್ಕಿದ್ದು ಗೊಂಬೆ. ವಿಜ್ಞಾನವೂ ಮಂತ್ರವೂ ಕೈಕೈ ಹಿಡಿದು ಒಬ್ಬ ಸತ್ತ ಹೆಂಗಸಿನ ಬಾಯಿ ಮುಚ್ಚಿಸಿದ್ದನ್ನು ನಾವು ಚಪ್ಪಾಳೆ ತಟ್ಟಿ ನೋಡಿದೆವು.

ನಮ್ಮ ಜನಪದರು ಸತ್ತವರನ್ನು ಹೀಗೆ ನಡೆಸಿಕೊಂಡಿಲ್ಲ. ತುಳುನಾಡಿನ ಪಾಡ್ದನಗಳನ್ನೇ ನೋಡ್ರಿ. ಕಾರ್ಕಳದ ಅರಸ ಕೈಕಾಲು ಕಡಿಸಿದ ಶಿಲ್ಪಿ ಕಲ್ಕುಡ, ಅವನ ತಂಗಿ ಕಲ್ಲುರ್ಟಿ ದೈವಗಳಾದರು. ದೇವಸ್ಥಾನದ ಹೊರಗೇ ನಿಲ್ಲಬೇಕಾಗಿ ಬಂದು ಮಾಯವಾದ ಕೊರಗ ತನಿಯ ದೈವವಾದ. ವರ್ಷಕ್ಕೊಮ್ಮೆ ಅವರು ಬಂದು ಮಾತಾಡುತ್ತಾರೆ, ಊರಿನ ಗುತ್ತಿನವರು ಕೈಮುಗಿದು ಕೇಳಬೇಕು. ಮಾರನೆಯ ದಿನ ದೈವ ಕಟ್ಟಿದವನು ಮತ್ತೆ ಅಂಗಳದಾಚೆಗೇ ಎಂಬುದೂ ನಿಜ. ಆದರೂ ಆ ಒಂದು ರಾತ್ರಿ ಅನ್ಯಾಯಕ್ಕೆ ಅನ್ಯಾಯ ಎಂದೇ ಹೆಸರು, ಅದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ದೇವನೂರರ 'ಕುಸುಮಬಾಲೆ'ಯ (1984) ಜೋತಮ್ಮಂದಿರೂ ಹಾಗೇ, ಮನೆಮನೆಯ ಗುಟ್ಟು ಬಲ್ಲ ಸಾಕ್ಷಿಗಳು. ಈ ಅಳತೆಗೋಲು ಹಿಡಿದರೆ ಆಪ್ತಮಿತ್ರ ಬಹಳ ಹಿಂದೆ ಬೀಳುತ್ತದೆ.

ಭ್ರಮಯುಗಂ 17ನೇ ಶತಮಾನದ ಮಲಬಾರಿನ ಕಥೆ. ಪಾಣನ್ ಜಾತಿಯ ಹಾಡುಗಾರ ತೇವನ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡಲ್ಲಿ ಓಡುತ್ತಾ ಒಂದು ಹಾಳು ಮನೆ ಸೇರುತ್ತಾನೆ. ಪಾಣನ್ ಎಂಬ ಹೆಸರು ಕೇಳಿದರೆ ನಮಗೆ ಉಡುಪಿ ಕಡೆಯ, ಭೂತ ಕಟ್ಟುವ ಪಾಣಾರರ ನೆನಪಾಗದೆ ಇರದು. ಮನೆಯ ಯಜಮಾನ ಕೊಡುಮಣ್ ಪೋಟ್ಟಿ, ಅಂದರೆ ಮಮ್ಮುಟ್ಟಿ, ಅವನನ್ನು ಒಳಗೆ ಕರೆಯುತ್ತಾನೆ, ಹಾಡಿಸುತ್ತಾನೆ, ಉಣ್ಣಿಸುತ್ತಾನೆ. ನಾನು ಹೆದರಿದ್ದು ಇಲ್ಲಿ. ಒದ್ದು ಓಡಿಸುವ ಯಜಮಾನ ನಮಗೆ ಗೊತ್ತಿರುವವನು. ಒಳಗೆ ಕರೆದು ಕೂರಿಸುವ ಯಜಮಾನನ ಲೆಕ್ಕ ಅರ್ಥವಾಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಪಗಡೆಯಾಟದಲ್ಲಿ ತೇವನ್ ಪಣಕ್ಕೆ ಇಡುವುದು ತನ್ನ ಕಾಲವನ್ನೇ, ಸೋತ ಮೇಲೆ ಅವನ ಬಾಳೆಲ್ಲ ಆ ಮನೆಯದು. ಜೀತವೆಂದರೆ ಇದೇ ತಾನೆ? ಚಿಲ್ಲರೆ ಸಾಲಕ್ಕೆ ಒಂದು ತಲೆಮಾರಿನ ಕಾಲವನ್ನು ಬರೆಸಿಕೊಳ್ಳುವ ಆಟ. ಅದನ್ನು ಕಾನೂನಿನಲ್ಲಿ ತೊಡೆದುಹಾಕಲು ನಮ್ಮ ದೇಶಕ್ಕೆ 1976ರವರೆಗೆ ಬೇಕಾಯಿತು.

ಮುಂದೆ ಗುಟ್ಟು ಒಡೆಯುತ್ತದೆ. ಪೋಟ್ಟಿಯ ರೂಪದಲ್ಲಿ ಕೂತವನು ಚಾತ್ತನ್. ಒಂದು ಕಾಲಕ್ಕೆ ಆ ಮನೆಯ ಹಿರೀಕ ಅವನನ್ನು ಗುಲಾಮನಾಗಿ ಇಟ್ಟುಕೊಂಡು ಹಿಂಸಿಸಿದ್ದ. ಗುಲಾಮ ತಿರುಗಿಬಿದ್ದ, ಒಡೆಯನ ಜಾಗದಲ್ಲಿ ಕೂತ, ಒಡೆಯನೇ ಆಗಿಬಿಟ್ಟ. ಇನ್ನು ಅಡುಗೆಯವನು ಪೋಟ್ಟಿಗೆ ಕೆಲಸದಾಕೆಯಲ್ಲಿ ಹುಟ್ಟಿದ ಮಗ. ಅವನಿಗೆ ಮನೆ ಬೀಳುವುದು ಬೇಕಿಲ್ಲ, ಅಧಿಕಾರದ ಉಂಗುರ ತನ್ನ ಬೆರಳಿಗೆ ಬಂದರೆ ಸಾಕು. ತೇವನ್ ಜೊತೆ ಸೇರಿ ಹೋರಾಡಿದವನು ಉಂಗುರ ಕಂಡ ಕೂಡಲೇ ತೇವನ್ ಮೇಲೆಯೇ ಬೀಳುತ್ತಾನೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದನ್ನು ಇಷ್ಟು ಸರಳವಾಗಿ ತೆರೆಯ ಮೇಲೆ ನಾನು ನೋಡಿರಲಿಲ್ಲ. ಒಂದು ಮೆಟ್ಟಿಲು ಮೇಲಿದ್ದವನಿಗೆ ಏಣಿ ಮುರಿಯುವ ಮನಸ್ಸು ಬರುವುದಿಲ್ಲ. ಕೊನೆಯಲ್ಲಿ ಅಡುಗೆಯವನು ಪೋರ್ಚುಗೀಸರ ಗುಂಡಿಗೆ ಬೀಳುತ್ತಾನೆ. ತೇವನ್ ದೇಹದೊಳಗೆ ಚಾತ್ತನ್ ನಡೆದು ಹೋಗುತ್ತಾನೆ.

ಈ ಚಿತ್ರದ ಮೇಲೂ ನನಗೆ ಎರಡು ಆಕ್ಷೇಪಣೆಗಳಿವೆ. ಮೊದಲನೆಯದು: ಇಲ್ಲಿ ಹೆಣ್ಣೆಂದರೆ ಕಾಡಿನ ಯಕ್ಷಿ ಮಾತ್ರ, ಅವಳಿಗೆ ತನ್ನ ಕಥೆಯಿಲ್ಲ. ಅಡುಗೆಯವನ ತಾಯಿ ಯಾರು, ಅವಳಿಗೆ ಏನಾಯಿತು? ಚಿತ್ರ ಕೇಳುವುದೇ ಇಲ್ಲ. ಈ ಒಂದು ವಿಷಯದಲ್ಲಿ ಆಪ್ತಮಿತ್ರ ಮುಂದಿದೆ. ಬಾಯಿ ಮುಚ್ಚಿಸುವ ಮುಂಚೆ ನಾಗವಲ್ಲಿಗೆ ಬಾಯಿಯನ್ನಾದರೂ ಕೊಟ್ಟಿತ್ತು. ಎರಡನೆಯದು ಇದಕ್ಕಿಂತ ಗಂಭೀರ. 'ನೋಡಿ, ಕೆಳಗಿನವರ ಕೈಗೆ ಅಧಿಕಾರ ಕೊಟ್ಟರೆ ಅವರೂ ರಾಕ್ಷಸರೇ' ಅಂತ ಮೀಸಲಾತಿ ವಿರೋಧಿಗಳು ಈ ಕಥೆಯನ್ನು ಎತ್ತಿ ಆಡಬಹುದು. ಆದರೆ ಚಾತ್ತನ್‌ಗೆ ಅದನ್ನೆಲ್ಲ ಕಲಿಸಿದ್ದು ಯಾರು? ಆ ಮನೆಯೇ. ಪೀಠಕ್ಕೆ ಒಂದು ಗುಣವಿದೆ, ಕೂತವನನ್ನು ಅದು ತನ್ನಂತೆ ಮಾಡಿಕೊಳ್ಳುತ್ತದೆ ಎಂದು ಚಿತ್ರ ಹೇಳುತ್ತಿದೆ. ಸಂಘಟನೆ ಕಟ್ಟಿದವರು, ಚುನಾವಣೆ ಗೆದ್ದವರು, ನಿಗಮ-ಮಂಡಳಿಗಳಲ್ಲಿ ಕೂತವರು, ನಾವೆಲ್ಲ ನಮ್ಮೊಳಗೇ ಕೇಳಿಕೊಳ್ಳಬೇಕಾದ ಮಾತಿದು. ವಿರೋಧಿಗಳು ಬಳಸಿಕೊಂಡಾರು ಅಂತ ಹೆದರಿ ನಾವು ಅದನ್ನು ಬಿಟ್ಟುಕೊಡಬಾರದು.

ಇನ್ನೊಂದು ಸಂಗತಿ. ಬಿಡುಗಡೆಗೆ ಮುನ್ನ ಪೋಟ್ಟಿಯ ಮೊದಲಿನ ಹೆಸರು ತಮ್ಮ ಮನೆತನಕ್ಕೆ ಕಳಂಕ ಅಂತ ಒಂದು ಕುಟುಂಬ ಕೇರಳ ಹೈಕೋರ್ಟಿಗೆ ಹೋಯಿತು, ಹೆಸರು ಬದಲಾಯಿತು. ಕಟ್ಟುಕಥೆಯ ದೆವ್ವ ನಿಜವಾದ ಮನೆಯ ಬಾಗಿಲು ತಟ್ಟಿತು ಅಂದಹಾಗಾಯಿತು. ಆಪ್ತಮಿತ್ರದ ದೆವ್ವ ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ.

ಆದ್ದರಿಂದ ನನ್ನ ಆಯ್ಕೆ ಭ್ರಮಯುಗಂ. ಆಪ್ತಮಿತ್ರವನ್ನು ಮನೆಮಂದಿಯೆಲ್ಲ ಕೂತು ಇನ್ನೊಮ್ಮೆ ನೋಡಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ನಮ್ಮನ್ನು ಹೆದರಿಸಿ, ಆಮೇಲೆ ಬೆನ್ನು ತಟ್ಟಿ ಮಲಗಿಸುತ್ತದೆ. ಭ್ರಮಯುಗಂ ಹೆದರಿಸುವುದು ಕಡಿಮೆ, ಮಲಗಲು ಬಿಡುವುದು ಇನ್ನೂ ಕಡಿಮೆ. ಈ ಎರಡೂ ಮಾಡದೆ ಬಿಟ್ಟ ಚಿತ್ರ ಒಂದಿದೆ: ನಾಗವಲ್ಲಿಯೋ, ಆ ಕೆಲಸದಾಕೆಯೋ ಬೀಗ ಒಡೆದು ಹೊರಬಂದು, ಯಾವ ಆಚಾರ್ಯರ ಅಪ್ಪಣೆಗೂ ಕಾಯದೆ ತನ್ನ ಮಾತು ಹೇಳುವ ಚಿತ್ರ. ಅದನ್ನು ನಮ್ಮ ಹುಡುಗ ಹುಡುಗಿಯರು ಮಾಡಬೇಕು.