ಚಾಂದಬೀಬಿಯ ಮುಸುಕು: ಒಂಬತ್ತು ಸಾಲುಗಳಿಗೆ ವ್ಯಾಖ್ಯಾನ

ಮೂಲ

ನಗರದ ಮಗಳು, ವಿಜಾಪುರದ ಸೊಸಿ, ಚಾಂದಬೀಬಿ ತಾಯಿ,
ಹಡಿಯದ ಒಡಲು, ಆದರೂ ಕಾಯ್ದಳು ಎರಡು ಗಾದಿಯ ಕೂಸ.
ಸಾತಾರದ ಗಡದಾಗ ಕೂಡಿ ಹಾಕಿದರು. ಹಾಕಿದವ ಊರು ಬಿಟ್ಟ, ಆಕಿ ಹೊರಗ ಬಂದಳು.
ಗ್ವಾಡಿ ಬಿದ್ದ ಕಡೆ ಮುಸುಕ ಹೊದ್ದು, ಬಿಚ್ಚುಗತ್ತಿ ಹಿಡಿದು ನಿಂತಳು.
ಮೂಡಣ ಕೆಂಪಾಗೂದರಾಗ ಬಿದ್ದ ಗ್ವಾಡಿ ಎದ್ದಿತ್ತು.
ಗುಂಡು ತೀರಿದರ ತಾಮ್ರ, ತಾಮ್ರ ತೀರಿದರ ಬೆಳ್ಳಿ, ಬೆಳ್ಳಿ ತೀರಿದರ ಬಂಗಾರ.
ವರ್ಹಾಡ ಕೊಟ್ಟು ಕೂಸಿನ ಗಾದಿ ಉಳಿಸಿದಳು.
ಹಗೆಯವರ ತೋಪಿಗೆ ಬೀಳದಾಕಿ ಮನಿಯವರ ಮಾತಿಗೆ ಬಿದ್ದಳು.
ಸುರಪುರ ಆಳಿದ ಸಾಹೇಬ ಆಕಿಯ ಕತ್ತಿಗೆ ಕೈ ಮುಗಿದ, ಅಪ್ಪಾ ಅಂದವನ ಕತ್ತಿಗೆ ಮುಗಿಯಲಿಲ್ಲ.

ಇದು ಹಳೆಯ ಲಾವಣಿಯಲ್ಲ. ಸೇಡಂ, ಕುರಕುಂಟಾ, ಚಿತ್ತಾಪುರ ಸೀಮೆಯ ಆಡುಮಾತನ್ನು ಹಿಡಿದು ಈ ವ್ಯಾಖ್ಯಾನಕ್ಕೆಂದೇ ಕಟ್ಟಿದ ಸಾಲುಗಳು. ಸಾಲುಗಳು ಹೊಸವು, ಒಳಗಿನ ಸಂಗತಿ ನಾನೂರು ವರ್ಷ ಹಿಂದಿನದು. ಮುಸುಕುಧಾರಿ ಕತ್ತಿಗಾರ್ತಿ ದಬ್ಬಾಳಿಕೆಯ ಎದುರು ನಿಲ್ಲುವ ಕಥೆ ಸಿನಿಮಾದಲ್ಲೂ ಟಿವಿಯಲ್ಲೂ ಜನಪ್ರಿಯ. ನಮ್ಮ ದಖ್ಖನಿನಲ್ಲಿ ಅಂಥವಳು ನಿಜವಾಗಿ ಇದ್ದಳು. ಆಕೆಯ ಕಥೆಯನ್ನು ಇಂಗ್ಲಿಷ್ ಓದುಗರ ಮನೆಗೆ ಮುಟ್ಟಿಸಿದವನೂ ನಮ್ಮ ಸೀಮೆಯಲ್ಲೇ ಬಾಳಿದವನು. ಇಂಥ ಕಥೆಗಳಲ್ಲಿ ಮುಸುಕು ನಿಜವಾಗಿ ಯಾರ ಮುಖದ ಮೇಲಿರುತ್ತದೆ ಎಂಬುದೇ ಈ ವ್ಯಾಖ್ಯಾನದ ಪ್ರಶ್ನೆ.

1. ‘ನಗರದ ಮಗಳು, ವಿಜಾಪುರದ ಸೊಸಿ, ಚಾಂದಬೀಬಿ ತಾಯಿ’

ನಗರ ಎಂದರೆ ಅಹಮದನಗರ. ಅಲ್ಲಿಯ ಹುಸೇನ್ ನಿಜಾಮ್‌ಶಾಹನ ಮಗಳು ಚಾಂದಬೀಬಿ, ವಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನ ಹೆಂಡತಿ. 1565ರ ತಾಳಿಕೋಟೆ ಯುದ್ಧಕ್ಕೆ ಮುನ್ನ ದಖ್ಖನಿನ ಸುಲ್ತಾನರು ಒಗ್ಗೂಡುವಾಗ ನಡೆದ ಮದುವೆ ಇದು. ವರದಕ್ಷಿಣೆಯಾಗಿ ಸೊಲ್ಲಾಪುರದ ಕೋಟೆ ವಿಜಾಪುರಕ್ಕೆ ಬಂತು. ಅಲಿಯ ತಂಗಿಯನ್ನು ಅಹಮದನಗರದ ಮನೆಗೆ ಕೊಡಲಾಯಿತು. ಅಂದರೆ ಆಕೆಯ ಮದುವೆ ಹಂಪಿಯ ಮೇಲೆ ದಂಡೆತ್ತುವ ಒಪ್ಪಂದದ ಒಂದು ಕಲಮು. ಸಾಲಿನಲ್ಲಿ ‘ತಾಯಿ’ ಎಂದು ಕರೆಯುವಾಗ ಇದನ್ನು ಮರೆಯಬಾರದು. ಆಕೆ ದೇವತೆಯಾಗಿ ಇಳಿದು ಬಂದವಳಲ್ಲ, ರಾಜಕಾರಣದ ಹಾಸುಹೊಕ್ಕಿನಲ್ಲೇ ಬೆಳೆದವಳು. ಕನ್ನಡ, ಮರಾಠಿ, ಪಾರ್ಸಿ, ಅರಬ್ಬಿಗಳನ್ನು ಬಲ್ಲವಳಾಗಿದ್ದಳು ಎಂಬ ಪ್ರತೀತಿಯಿದೆ. ವಿಜಾಪುರದ ಚಾಂದ್ ಬಾವಡಿಯನ್ನು ಅಲಿ ಆದಿಲ್‌ಶಾಹ 1579ರಲ್ಲಿ ಕಟ್ಟಿಸಿದ್ದು ಈಕೆಯ ಹೆಸರಿನಲ್ಲಿ. ಅದರ ಮರುವರ್ಷವೇ ಅವನ ಕೊಲೆಯಾಯಿತು.

2. ‘ಹಡಿಯದ ಒಡಲು, ಆದರೂ ಕಾಯ್ದಳು ಎರಡು ಗಾದಿಯ ಕೂಸ’

ಗಾದಿ ಎಂದರೆ ಸಿಂಹಾಸನ. ಚಾಂದಬೀಬಿಗೆ ಮಕ್ಕಳಿರಲಿಲ್ಲ. 1580ರಲ್ಲಿ ವಿಜಾಪುರದ ಗಾದಿಗೆ ಬಂದವನು ಗಂಡನ ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂ. ಮುಂದೆ ಜಗದ್ಗುರು ಬಾದಶಹ ಎನಿಸಿಕೊಂಡ, ಸಂಗೀತದ ಹುಚ್ಚಿನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇವನೇ. ಹದಿನೈದು ವರ್ಷದ ಬಳಿಕ ತವರಿನಲ್ಲಿ ಅದೇ ಕೆಲಸ ಮತ್ತೆ ಹೆಗಲಿಗೆ ಬಿತ್ತು: ಯುದ್ಧದಲ್ಲಿ ಸತ್ತ ಸೋದರಳಿಯನ ಕೂಸು ಬಹಾದೂರ.

ಕೂಸಿನ ಹೆಸರಿನಲ್ಲಿ ಆಳುವುದು ಎಷ್ಟು ಅಪಾಯದ್ದು ಎಂಬುದು ಈಕೆಗೆ ಮನೆಯ ಪಾಠವಾಗಿತ್ತು. ತಾಯಿ ಖುಂಜಾ ಹುಮಾಯೂನ್ ಮಗ ಮುರ್ತಜಾನ ಪರವಾಗಿ ಕೆಲವು ವರ್ಷ ಅಹಮದನಗರವನ್ನು ಆಳಿ, ಕೊನೆಗೆ ಅದೇ ಮಗನ ಕೈಯಲ್ಲಿ ಸೆರೆಯಾಗಿದ್ದಳು. ದೊರೆ ಚಿಕ್ಕವನಿದ್ದಾಗ ಅಧಿಕಾರ ಯಾರ ಕೈ ಸೇರುತ್ತದೋ ಅವನೇ ದೊರೆ. ಹಾಗಾಗಿ ಕೂಸಿನ ಪಕ್ಕದಲ್ಲಿ ನಿಂತವಳ ಮೇಲೆ ಎಲ್ಲರ ಕಣ್ಣು.

3. ‘ಸಾತಾರದ ಗಡದಾಗ ಕೂಡಿ ಹಾಕಿದರು, ಹಾಕಿದವ ಊರು ಬಿಟ್ಟ, ಆಕಿ ಹೊರಗ ಬಂದಳು’

ವಿಜಾಪುರದಲ್ಲಿ ಮೊದಲು ಕಾಮಿಲ್ ಖಾನ್ ಎಂಬ ಸರದಾರ ಆಡಳಿತವನ್ನು ಮುಷ್ಟಿಯಲ್ಲಿ ಹಿಡಿದ. ಚಾಂದಬೀಬಿಯ ಮಾತಿಗೆ ಬೆಲೆ ಕೊಡಲಿಲ್ಲ. ಆಕೆ ಕಿಶ್ವರ್ ಖಾನ್ ಎಂಬ ಇನ್ನೊಬ್ಬನನ್ನು ಮುಂದೆ ಮಾಡಿ ಇವನನ್ನು ಕಿತ್ತುಹಾಕಿದಳು. ಮುಳ್ಳಿನಿಂದ ಮುಳ್ಳು ತೆಗೆದದ್ದಾಯಿತು, ಆದರೆ ತೆಗೆದ ಮುಳ್ಳೇ ಕಾಲಿಗೆ ನೆಟ್ಟಿತು. ಕಿಶ್ವರ್ ಖಾನ್ ಅವಳನ್ನೇ ಸಾತಾರದ ಕೋಟೆಗೆ ಸಾಗಿಸಿ ಬಂಧನದಲ್ಲಿಟ್ಟ. ಆಗ ಸಿಡಿದೆದ್ದವರು ಹಬ್ಶಿ ಸರದಾರರು, ಅಂದರೆ ಆಫ್ರಿಕ ಮೂಲದ ದಂಡನಾಯಕರು. ಇಖ್ಲಾಸ್ ಖಾನ್ ಅವರ ಮುಂದಾಳು. ಕಿಶ್ವರ್ ಖಾನ್ ಓಡಿಹೋಗಿ ಗೋಲ್ಕೊಂಡದಲ್ಲಿ ಕೊಲೆಯಾದ, ಚಾಂದಬೀಬಿ ಬಿಡುಗಡೆಯಾದಳು.

ಸಾಹಸ ಕಥೆಗಳಲ್ಲಿ ದಬ್ಬಾಳಿಕೆಗೆ ಒಂದೇ ಮುಖ: ಒಬ್ಬ ಕ್ರೂರ ಅಧಿಕಾರಿ, ಅವನನ್ನು ಕೆಡವಿದರೆ ಕಥೆ ಮುಗಿಯಿತು. ಇಲ್ಲಿ ಒಬ್ಬನನ್ನು ಕೆಡವಲು ಎಬ್ಬಿಸಿದವನೇ ಮುಂದಿನ ದಬ್ಬಾಳಿಕೆಗಾರ. ಚಾಂದಬೀಬಿಯ ಬದುಕು ಪೂರ್ತಿ ಹೀಗೇ ನಡೆಯಿತು.

4. ‘ಗ್ವಾಡಿ ಬಿದ್ದ ಕಡೆ ಮುಸುಕ ಹೊದ್ದು, ಬಿಚ್ಚುಗತ್ತಿ ಹಿಡಿದು ನಿಂತಳು’

ಇದು ಇಡೀ ರಚನೆಯ ನಡುಗಂಬ. 1595ರಲ್ಲಿ ಅಹಮದನಗರದಲ್ಲಿ ಗಾದಿಗಾಗಿ ಹಲವು ಬಣಗಳು ಬಡಿದಾಡುತ್ತಿದ್ದವು. ಅದರಲ್ಲೊಬ್ಬ, ಮಿಯಾನ್ ಮಂಜು, ಗುಜರಾತಿನಲ್ಲಿದ್ದ ಅಕ್ಬರನ ಮಗ ಮುರಾದನಿಗೆ ಕರೆ ಕಳಿಸಿದ. ಮೊಗಲರ ದಂಡು ಡಿಸೆಂಬರಿನಲ್ಲಿ ಬಂದು ಕೋಟೆಗೆ ಮುತ್ತಿಗೆ ಹಾಕಿತು. ದೋಹೆಗಳ ಕವಿ ರಹೀಮ, ಅಂದರೆ ಖಾನ್‌ಖಾನಾ ಅಬ್ದುರ್ ರಹೀಮ್, ಆ ದಂಡಿನಲ್ಲಿದ್ದ. ಕರೆದವನು ಅಷ್ಟರಲ್ಲಿ ಕೋಟೆ ಬಿಟ್ಟು ಹೋಗಿದ್ದ. ಒಳಗೆ ಉಳಿದ ಚಾಂದಬೀಬಿ ರಕ್ಷಣೆಯ ಹೊಣೆ ಹೊತ್ತಳು.

ಮೊಗಲರು ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿದರು. ಸುದ್ದಿ ಒಳಗೆ ಮುಟ್ಟಿತು. ಒಳಗಿನವರು ಎದುರಿನಿಂದ ತೋಡುತ್ತ ಹೋಗಿ ಕೆಲವು ಸುರಂಗಗಳ ಮದ್ದು ತೆಗೆದರು. ಒಂದನ್ನು ತೆಗೆಯುವಷ್ಟರಲ್ಲೇ ಹೊರಗಿನವರು ಬೆಂಕಿ ಇಟ್ಟರು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯ ಖಣಿಯಲ್ಲಿ ಸುರಂಗ ಹಾರಿಸಿದಾಗ ಮನೆಯ ಪಾತ್ರೆ ಅಲುಗುವುದನ್ನು ಕಂಡವರಿಗೆ ಆ ಹೊತ್ತನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಗೋಡೆಯ ದೊಡ್ಡ ಭಾಗ ಕುಸಿಯಿತು, ಕಾವಲಿನವರು ದಿಕ್ಕೆಟ್ಟು ಓಡಿದರು. ಆಗ ಚಾಂದಬೀಬಿ ಕವಚ ತೊಟ್ಟು, ಮುಖಕ್ಕೆ ಮುಸುಕು ಹಾಕಿ, ಬಿಚ್ಚುಗತ್ತಿ ಹಿಡಿದು ಬಿರುಕಿನಲ್ಲಿ ಬಂದು ನಿಂತಳೆಂದು ಫರಿಶ್ತಾ ಬರೆಯುತ್ತಾನೆ. ಅವನು ಆ ಕಾಲದವನೇ. ಮೊದಲು ಅಹಮದನಗರದಲ್ಲಿ, ಬಳಿಕ ವಿಜಾಪುರದ ದರಬಾರಿನಲ್ಲಿ ಇದ್ದ ಚರಿತ್ರಕಾರ.

ಈ ಮುಸುಕಿನ ಕೆಲಸವೇ ಬೇರೆ. 1919ರಲ್ಲಿ ಅಮೆರಿಕದ ಜಾನ್‌ಸ್ಟನ್ ಮೆಕ್‌ಕಲಿ ಹುಟ್ಟಿಸಿದ ಜೋರೋ ಮುಖವಾಡ ಹಾಕುವುದು ತಾನು ಯಾರೆಂದು ಗೊತ್ತಾಗಬಾರದೆಂದು. 1935ರ ವಾಡಿಯಾ ಮೂವಿಟೋನ್‌ನ ‘ಹಂಟರ್‌ವಾಲಿ’ಯಲ್ಲಿ ನಟಿ ನಾದಿಯಾ ಮುಖವಾಡ ಹಾಕಿದ್ದೂ ಅದಕ್ಕೇ: ಹಗಲು ರಾಜಕುಮಾರಿ ಮಾಧುರಿ, ಮುಖವಾಡ ಹಾಕಿದಾಗ ಬಡವರ ಪರ ಚಾವಟಿ ಬೀಸುವವಳು. ಚಾಂದಬೀಬಿಯ ಮುಸುಕು ಅರಮನೆಯ ಪರದೆಯೇ. ಅಂತಃಪುರದಲ್ಲಿ ಇರಬೇಕಾದವಳು ಆ ಪರದೆಯ ಸಮೇತ ಗುಂಡು ಬೀಳುವ ಜಾಗಕ್ಕೆ ಬಂದಳು. ಮುಸುಕು ಕಂಡ ಕೂಡಲೇ ಓಡಿದ ಸಿಪಾಯಿಗೆ ಬಂದವಳು ಯಾರೆಂದು ತಿಳಿಯಿತು, ತಿಳಿದದ್ದಕ್ಕೇ ನಾಚಿ ತಿರುಗಿ ಬಂದ. ಜೋರೋನ ಮುಖವಾಡ ಅವನನ್ನು ಮರೆಸುತ್ತದೆ, ಈಕೆಯ ಮುಸುಕು ಈಕೆಯನ್ನು ತೋರಿಸಿತು.

ಆಮೇಲಿನ ಚಿತ್ರಕಾರರು ಆ ಮುಸುಕನ್ನೂ ತೆಗೆದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಸುಮಾರು 1700ರ ದಖ್ಖನಿ ಚಿತ್ರದಲ್ಲಿ ಆಕೆ ಕುದುರೆ ಏರಿ ಡೇಗೆ ಬೇಟೆಗೆ ಹೊರಟಿದ್ದಾಳೆ, ಮುಖ ಬಯಲಾಗಿದೆ.

5. ‘ಮೂಡಣ ಕೆಂಪಾಗೂದರಾಗ ಬಿದ್ದ ಗ್ವಾಡಿ ಎದ್ದಿತ್ತು’

ಕತ್ತಿ ಹಿಡಿದು ನಿಂತ ಚಿತ್ರವನ್ನೇ ಎಲ್ಲರೂ ನೆನೆಯುತ್ತಾರೆ. ಕೋಟೆ ಉಳಿಸಿದ್ದು ಆ ರಾತ್ರಿಯ ಗೌಂಡಿ ಕೆಲಸ. ಕತ್ತಲಾದ ಮೇಲೆ ಮೊಗಲರು ಪಾಳೆಯಕ್ಕೆ ಹಿಂದಿರುಗಿದರು; ಬೆಳಗಾದ ಮೇಲೆ ನುಗ್ಗಿದರಾಯಿತು ಎಂಬ ಲೆಕ್ಕ. ಕೋಟೆಯೊಳಗೆ ಕೈಗೆ ಸಿಕ್ಕ ಕಲ್ಲು, ಮಣ್ಣು, ಕಟ್ಟಿಗೆಗಳನ್ನೆಲ್ಲ ತಂದು ಬಿರುಕಿಗೆ ತುಂಬಲಾಯಿತು. ಚಾಂದಬೀಬಿ ನಿದ್ದೆ ಬಿಟ್ಟು ಅಲ್ಲೇ ನಿಂತು ಮಾಡಿಸಿದಳು. ಬೆಳಿಗ್ಗೆ ಮೊಗಲರು ನೋಡಿದಾಗ ಏರಲಾಗದಷ್ಟು ಎತ್ತರಕ್ಕೆ ಗೋಡೆ ನಿಂತಿತ್ತು. ಬಿರುಕಿನಲ್ಲಿ ನಿಂತ ಕತ್ತಿ ಗಳಿಸಿಕೊಟ್ಟದ್ದು ಒಂದು ರಾತ್ರಿಯ ಬಿಡುವು. ಆ ರಾತ್ರಿಯನ್ನು ಗೋಡೆಯಾಗಿ ಮಾಡಿದವರು ಹೆಸರಿಲ್ಲದ ಕಲ್ಲುಕುಟಿಗರು, ಮಣ್ಣು ಹೊತ್ತವರು. ಫರಶಿ ಕಲ್ಲು ಸೀಳುವ ಶಹಾಬಾದ್, ಸೇಡಂ ಜನರ ನಡುವೆ ಈ ಸಾಲಿಗೆ ತೂಕ ಹೆಚ್ಚು.

6. ‘ಗುಂಡು ತೀರಿದರ ತಾಮ್ರ, ತಾಮ್ರ ತೀರಿದರ ಬೆಳ್ಳಿ, ಬೆಳ್ಳಿ ತೀರಿದರ ಬಂಗಾರ’

ತೋಪಿಗೆ ಗುಂಡು ಮುಗಿದಾಗ ಚಾಂದಬೀಬಿ ತಾಮ್ರದ ನಾಣ್ಯ, ಬಳಿಕ ಬೆಳ್ಳಿಯದು, ಬಳಿಕ ಬಂಗಾರದ್ದು ತುಂಬಿ ಹಾರಿಸಿದಳಂತೆ. ಇದನ್ನು ಹೇಳುವವನು ಹದಿನೆಂಟನೆಯ ಶತಮಾನದ ಖಾಫಿ ಖಾನ್, ಘಟನೆಗೆ ನೂರು ವರ್ಷಕ್ಕೂ ಹೆಚ್ಚು ಈಚಿನವನು. ಹಾಗಾಗಿ ಇದನ್ನು ದಂತಕಥೆಯ ಸಾಲಿನಲ್ಲೇ ಇಡಬೇಕು. ನಾಲ್ಕು, ಐದನೆಯ ಸಾಲಿಗೂ ಈ ಸಾಲಿಗೂ ಪ್ರಮಾಣದ ತೂಕ ಒಂದೇ ಅಲ್ಲ. ಆದರೆ ದಂತಕಥೆಗೂ ಒಂದು ತೀರ್ಪು ಇರುತ್ತದೆ. ಖಜಾನೆಗಾಗಿ ಕೋಟೆ ಕಾಯುವ ದೊರೆಗಳನ್ನು ಕಂಡಿದ್ದ ಜನ, ಕೋಟೆಗಾಗಿ ಖಜಾನೆ ಸುರಿದವಳೆಂದು ಇವಳನ್ನು ನೆನಪಿಟ್ಟರು.

7. ‘ವರ್ಹಾಡ ಕೊಟ್ಟು ಕೂಸಿನ ಗಾದಿ ಉಳಿಸಿದಳು’

ವರ್ಹಾಡ ಎಂದರೆ ಬೇರಾರ್ ಪ್ರಾಂತ. ಇತ್ತ ವಿಜಾಪುರದಿಂದ ಸುಹೇಲ್ ಖಾನನ ಸೈನ್ಯ ಬರುತ್ತಿತ್ತು, ಅತ್ತ ಮೊಗಲರ ಪಾಳೆಯದಲ್ಲಿ ಆಹಾರದ ಕೊರತೆ, ಸೇನಾಪತಿಗಳ ಒಳಜಗಳ. 1596ರ ಒಪ್ಪಂದದಲ್ಲಿ ಬೇರಾರ್ ಅಕ್ಬರನಿಗೆ ಹೋಯಿತು, ಕೂಸು ಬಹಾದೂರನನ್ನು ನಿಜಾಮ್‌ಶಾಹನೆಂದು ಒಪ್ಪಲಾಯಿತು. ಕಥೆಯ ನಾಯಕಿ ಒಂದಂಗುಲ ನೆಲವನ್ನೂ ಬಿಡುವುದಿಲ್ಲ. ನಿಜವಾಗಿ ಆಳುವವಳು ಏನನ್ನು ಬಿಡಬೇಕೆಂದು ಲೆಕ್ಕ ಹಾಕುತ್ತಾಳೆ.

8. ‘ಹಗೆಯವರ ತೋಪಿಗೆ ಬೀಳದಾಕಿ ಮನಿಯವರ ಮಾತಿಗೆ ಬಿದ್ದಳು’

ನಾಲ್ಕು ವರ್ಷದ ಮೇಲೆ ಮೊಗಲರು ಮತ್ತೆ ಬಂದರು. ಮುರಾದ ಸತ್ತಿದ್ದ, ಈ ಸಲ ಅವನ ತಮ್ಮ ದಾನಿಯಾಲ. ಒಳಗಿನ ಸರದಾರರು ಮೊದಲಿಗಿಂತ ಹೆಚ್ಚು ಒಡೆದಿದ್ದರು. ಇವರನ್ನು ನಂಬಿ ಹೋರಾಡುವುದು ಆಗದ ಮಾತೆಂದು ಚಾಂದಬೀಬಿಗೆ ಕಂಡಿತು. ಕೋಟೆ ಬಿಟ್ಟುಕೊಟ್ಟು, ಬಾಲಕ ದೊರೆಯನ್ನು ಕರೆದುಕೊಂಡು ಜುನ್ನರಿಗೆ ಹೋಗುವ ಆಲೋಚನೆ ಮಾಡಿ ಒಬ್ಬ ಅಧಿಕಾರಿಯ ಮುಂದೆ ಹೇಳಿದಳು. ಅವನು ಬೀದಿಗೆ ಓಡಿ, ಚಾಂದಬೀಬಿ ಕೋಟೆಯನ್ನು ಮೊಗಲರಿಗೆ ಮಾರಿದಳೆಂದು ಕೂಗಿದ. ರೊಚ್ಚಿಗೆದ್ದ ದಂಡು ಅಂತಃಪುರಕ್ಕೆ ನುಗ್ಗಿ ಆಕೆಯನ್ನು ಕೊಂದುಹಾಕಿತು. ಕೆಲವೇ ದಿನಗಳಲ್ಲಿ, 1600ರ ಆಗಸ್ಟಿನಲ್ಲಿ, ಕೋಟೆ ಬಿದ್ದಿತು. ಬಹಾದೂರನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಸಾಗಿಸಿದರು.

ಬಿರುಕಿನಲ್ಲಿ ನಿಂತಾಗ ಇದೇ ದಂಡು ಈಕೆಯನ್ನು ಕಂಡು ತಿರುಗಿ ಬಂದಿತ್ತು. ಕತ್ತಿ ಹಿಡಿದ ರಾಣಿಯನ್ನು ಹೊತ್ತು ಮೆರೆಸಿದವರಿಗೆ ಲೆಕ್ಕ ಹಾಕುವ ರಾಣಿ ಬೇಡವಾದಳು. ಏಳನೆಯ ಸಾಲಿನಲ್ಲಿ ಬೇರಾರ್ ಬಿಟ್ಟುಕೊಟ್ಟದ್ದು ಜಾಣತನ ಎನಿಸಿತು, ಎಂಟನೆಯ ಸಾಲಿನಲ್ಲಿ ಅದೇ ಜಾಣತನಕ್ಕೆ ದ್ರೋಹವೆಂದು ಹೆಸರಾಯಿತು.

9. ‘ಸುರಪುರ ಆಳಿದ ಸಾಹೇಬ ಆಕಿಯ ಕತ್ತಿಗೆ ಕೈ ಮುಗಿದ, ಅಪ್ಪಾ ಅಂದವನ ಕತ್ತಿಗೆ ಮುಗಿಯಲಿಲ್ಲ’

ಸಾಹೇಬ ಎಂದರೆ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಎಳೆಯ ಹುಡುಗನಾಗಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದವನು. 1841ರಿಂದ 1853ರವರೆಗೆ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸುರಪುರದ ಆಡಳಿತ ನೋಡಿಕೊಂಡ. ಅವನ ಬಂಗಲೆ ಟೇಲರ್ ಮಂಜಿಲ್ ಅಲ್ಲಿ ಇಂದೂ ಇದೆ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯಿಂದ ಹೆಸರಾದವನು, ಆಮೇಲೆ ನೂರು ನೂರು ವರ್ಷದ ಅಂತರದಲ್ಲಿ ಮೂರು ಸಾಹಸ ಕಾದಂಬರಿ ಬರೆದ: 1657ರ ಕಾಲಕ್ಕೆ ‘ತಾರಾ’, 1757ಕ್ಕೆ ‘ರಾಲ್ಫ್ ಡಾರ್ನೆಲ್’, 1857ಕ್ಕೆ ‘ಸೀತಾ’. ಅವನು ಸತ್ತ ಮೇಲೆ 1878ರಲ್ಲಿ ಹೊರಬಂದದ್ದು ‘ಎ ನೋಬಲ್ ಕ್ವೀನ್’. ಆ ರಾಣಿ ನಮ್ಮ ಚಾಂದಬೀಬಿ.

ವೆಂಕಟಪ್ಪ ನಾಯಕ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ದೊಡ್ಡವನಾಗಿ 1858ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಎತ್ತಿದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಟೇಲರ್ ಹೋಗಿ ಕಂಡ, ಕಣ್ಣೀರಿಟ್ಟ. ಆದರೂ ಅವನ ಪಾಲಿಗೆ ಅದು ದಾರಿ ತಪ್ಪಿದ ಹುಡುಗನ ದುಡುಕು. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವಾಗ ದಾರಿಯಲ್ಲೇ ರಾಜ ಪಿಸ್ತೂಲಿನ ಗುಂಡಿಗೆ ಸತ್ತ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಸೇಡಂ, ಚಿತ್ತಾಪುರಗಳ ಜೊತೆ ಅದೂ 1948ರ ಸೆಪ್ಟೆಂಬರ್ 17ರವರೆಗೆ ಆ ಸಂಸ್ಥಾನದಲ್ಲೇ ಇತ್ತು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲಿದೆ. ಸಾಹಸ ಕಥೆಯಲ್ಲಿ ಮುಸುಕು ಬೀಳುವುದು ಹೆಚ್ಚಾಗಿ ಇಂದಿನ ದೊರೆಯ ಮುಖದ ಮೇಲೆ. ಟೇಲರನಿಗೆ ದಂಡೆತ್ತಿ ಬಂದವರು ಮೊಗಲರು, ಇಂಗ್ಲಿಷರಲ್ಲ. ಜೋರೋನ ಶತ್ರು ಕ್ಯಾಲಿಫೋರ್ನಿಯದ ಹಳೆಯ ಸ್ಪ್ಯಾನಿಷ್ ಅಧಿಕಾರಿ, 1848ರಲ್ಲಿ ಆ ನಾಡನ್ನು ನುಂಗಿದ ಅಮೆರಿಕವಲ್ಲ. ಹಂಟರ್‌ವಾಲಿ ದೇಶಿ ಮಂತ್ರಿಯೊಬ್ಬನ ಮೇಲೆ ಚಾವಟಿ ಬೀಸಿದಳು. ಬ್ರಿಟಿಷ್ ಸೆನ್ಸಾರಿನ ಕತ್ತರಿ ಇದ್ದ ಕಾಲದಲ್ಲಿ ಪ್ರೇಕ್ಷಕ ಆ ಮಂತ್ರಿಯಲ್ಲಿ ಯಾರನ್ನು ಬೇಕಾದರೂ ಕಾಣಬಹುದಿತ್ತು. ಟೇಲರನ ಮುಸುಕು ಆಳುವವರ ಅನುಕೂಲಕ್ಕೆ, ಹಂಟರ್‌ವಾಲಿಯದು ಆಳಿಸಿಕೊಂಡವರ ಅನುಕೂಲಕ್ಕೆ. 1961ರಲ್ಲಿ ಬಿ. ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದಾಗ ಬಿ. ಸರೋಜಾದೇವಿಯ ಚೆನ್ನಮ್ಮ ಇಂಗ್ಲಿಷರನ್ನು ಹೆಸರಿಟ್ಟೇ ಎದುರಿಸಿದಳು, ಯಾಕೆಂದರೆ ಅಷ್ಟರಲ್ಲಿ ಅವರೂ ಹಳೆಯ ದೊರೆಗಳಾಗಿದ್ದರು.

ಕತ್ತಿ ಹಿಡಿದ ಹೆಣ್ಣಿನ ಕಥೆ ಕೈಗೆ ಬಂದಾಗ ಅವಳು ಯಾರ ವಿರುದ್ಧ ನಿಂತಳು ಎಂಬಷ್ಟನ್ನೇ ಕೇಳಿ ಬಿಡಬಾರದು. ಆ ಕಥೆ ಬರೆಯುವ ಹೊತ್ತಿಗೆ ಗಾದಿಯಲ್ಲಿ ಯಾರಿದ್ದರು ಎಂಬುದನ್ನೂ ಕೇಳಬೇಕು.