ಯಾವ ತಿಂಗಳು, ಯಾವ ವರ್ಷ?

ಜೊನಾಥನ್ ಹಾರ್ ಬರೆದ ‘ಎ ಸಿವಿಲ್ ಆ್ಯಕ್ಷನ್’ ಬಂದದ್ದು 1995ರಲ್ಲಿ. ಪ್ರಶಸ್ತಿ ಬಂತು. 1998ರಲ್ಲಿ ಜಾನ್ ಟ್ರವೋಲ್ಟಾನ ಸಿನಿಮಾ ಬಂತು. ಕಾನೂನು ಕಾಲೇಜುಗಳಲ್ಲಿ ಓದಿಸುವ ಪುಸ್ತಕವೂ ಆಯಿತು. ಮೆಸಾಚುಸೆಟ್ಸ್‌ನ ವೂಬರ್ನ್ ಊರಿನ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ: ಜಿ, ಎಚ್ ಎಂಬ ಎರಡು ಕುಡಿಯುವ ನೀರಿನ ಬಾವಿ, ಅವುಗಳಲ್ಲಿ 1979ರಲ್ಲಿ ಸಿಕ್ಕ ಟ್ರೈಕ್ಲೋರೋಎಥಿಲೀನ್, ರಕ್ತದ ಕ್ಯಾನ್ಸರ್ ಬಂದ ಮಕ್ಕಳು, ಎಂಟು ಕುಟುಂಬ, ಗ್ರೇಸ್ ಮತ್ತು ಬಿಯಾಟ್ರಿಸ್ ಎಂಬ ಎರಡು ದೊಡ್ಡ ಕಂಪನಿ, ಕೇಸಿನ ಹಿಂದೆ ಬಿದ್ದು ದಿವಾಳಿಯಾದ ವಕೀಲ ಶ್ಲಿಕ್ಟ್‌ಮನ್. ಓದಿದವರೆಲ್ಲ ಇದನ್ನು ವಕೀಲನ ಕಥೆ ಅಂದರು. ನನ್ನ ತಕರಾರು ಇರುವುದು ಅಲ್ಲೇ. ಈ ಪುಸ್ತಕದ ಅರ್ಧ ನೆಲದೊಳಗಿದೆ. ಆ ಅರ್ಧವನ್ನು ಮೆಚ್ಚಿದವರು ಓದಲಿಲ್ಲ, ಹಾರ್ ಕೂಡ ಮನಸ್ಸಿಟ್ಟು ಬರೆಯಲಿಲ್ಲ.

ಒಂದೇ ಭಾಗ ಸಾಕು: 1986ರ ವಿಚಾರಣೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಂತರ್ಜಲ ತಜ್ಞ ಜಾರ್ಜ್ ಪಿಂಡರ್ ಕುಟುಂಬಗಳ ಪರ ಸಾಕ್ಷಿ ಹೇಳುವ ಭಾಗ. ಅಬರ್ಜೋನಾ ನದಿಯ ಪೂರ್ವಕ್ಕೆ ಜಿ, ಎಚ್ ಬಾವಿಗಳು. ಪಶ್ಚಿಮಕ್ಕೆ ಬಿಯಾಟ್ರಿಸ್ ಕೊಂಡಿದ್ದ ಚರ್ಮ ಹದ ಮಾಡುವ ಕಾರ್ಖಾನೆಯ 15 ಎಕರೆ. ಅಲ್ಲಿನ ವಿಷ ನದಿಯ ಅಡಿಯಲ್ಲೇ ನುಸುಳಿ ಆಚೆ ದಡದ ಬಾವಿ ಸೇರಿತೇ? ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು 1985ರ ಡಿಸೆಂಬರಿನಲ್ಲಿ ಆ ಮುಚ್ಚಿದ ಬಾವಿಗಳಿಗೆ ಮತ್ತೆ ಪಂಪು ಹಚ್ಚಿದ್ದರು. ಜಿ ನಿಮಿಷಕ್ಕೆ 700 ಗ್ಯಾಲನ್, ಎಚ್ 400 ಗ್ಯಾಲನ್, ಹೀಗೆ 30 ದಿನ. ಸುತ್ತ ಕೊರೆದಿದ್ದ ಮಾನಿಟರಿಂಗ್ ಬಾವಿಗಳಲ್ಲಿ ನೀರು ಎಷ್ಟು ಇಳಿಯಿತೆಂದು ಅಳೆದರು. ನದಿಯಾಚೆಯೂ ಇಳಿದಿತ್ತು. ಆದರೆ ನದಿಯೂ ಸೋರಿತ್ತು: ಮೇಲ್ಗಡೆ ಅಳೆದ ಹರಿವಿಗಿಂತ ಕೆಳಗಡೆಯದು ಕಡಿಮೆ. ಬಾವಿ ಸೆಳೆದ ನೀರಿನಲ್ಲಿ ಸುಮಾರು ಅರ್ಧ ನದಿಯದ್ದೇ.

ನದಿಯ ಪಾಲು ದೊಡ್ಡದೆಂದು ಪಿಂಡರ್ ಒಪ್ಪಲಿಲ್ಲ. ಬಿಯಾಟ್ರಿಸ್ ಪರ ವಕೀಲ (ಸಿನಿಮಾದಲ್ಲಿ ರಾಬರ್ಟ್ ಡ್ಯುವಾಲ್ ಮಾಡಿದ ಪಾತ್ರ) ಅಲ್ಲೇ ಪಟ್ಟು ಹಾಕಿದರು. ಹಾರ್ ಈ ಸನ್ನಿವೇಶವನ್ನು ಕುಸ್ತಿಯ ಹಾಗೆ ಬರೆಯುತ್ತಾರೆ: ಯಾರು ಬೆವೆತರು, ಯಾರು ತಡವರಿಸಿದರು, ನ್ಯಾಯಾಧೀಶರ ಮುಖ ಹೇಗಿತ್ತು. ಚೆನ್ನಾಗಿಯೇ ಬರೆಯುತ್ತಾರೆ, ಒಪ್ಪುತ್ತೇನೆ. ಆದರೆ ‘ಮಾನಿಟರಿಂಗ್ ಬಾವಿ’ ಅಂದರೇನು, ಅದು ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದು ಆ ಪುಟಗಳಿಂದ ಓದುಗನಿಗೆ ದಕ್ಕುವುದಿಲ್ಲ. ಬಾವಿ ಕೊರೆಯುವುದು ಅವರಿಗೆ ಶ್ಲಿಕ್ಟ್‌ಮನ್‌ನ ಸಾಲದ ಪಟ್ಟಿಯಲ್ಲಿ ಇನ್ನೊಂದು ಖರ್ಚು, ಅಷ್ಟೆ.

ನಾನು ಒಮ್ಮೆ ಬೆಂಗಳೂರಿನ ಹೊರಗೆ, ಮುಚ್ಚಿದ ಕಾರ್ಖಾನೆಯೊಂದರ ಹಿತ್ತಲಲ್ಲಿ ಇಂಥ ಬಾವಿ ಇಳಿಸುವುದನ್ನು ದಿನವಿಡೀ ನಿಂತು ನೋಡಿದ್ದೇನೆ. ಗಾಡಿ ತಿರುಚೆಂಗೋಡಿನದು, ಓಡಿಸುವವನಿಗೆ ಗೊತ್ತಿದ್ದದ್ದು ತೋಟದ ಬೋರು ಮಾತ್ರ. ಬಂಡೆ ಸಿಗುವವರೆಗೆ ಕೇಸಿಂಗ್, ಅಲ್ಲಿಂದ ಕೆಳಗೆ ಬರೀ ತೂತು, ಯಾವ ಪದರದ ನೀರಾದರೂ ಬರಲಿ. ಇಲ್ಲಿ ಹಾಗಲ್ಲ. ಎರಡಿಂಚಿನ ಪಿವಿಸಿ ಪೈಪು, ಅದರಲ್ಲಿ ತಳದ ಹತ್ತಡಿಗೆ ಮಾತ್ರ ಸೀಳು. ಸೀಳಿನ ಸುತ್ತ ತೊಳೆದ ಮರಳು, ಮರಳಿನ ಮೇಲೆ ಬೆಂಟೊನೈಟ್ ಜೇಡಿಯ ಉಂಡೆಗಳು, ಅದರ ಮೇಲೆ ಸಿಮೆಂಟು. ಉಂಡೆ ನೀರು ಕುಡಿದು ಉಬ್ಬಿ ಸಂದು ಮುಚ್ಚಬೇಕು. ಇಲ್ಲದಿದ್ದರೆ ಮೇಲಿನ ಕೊಳಕು ಪೈಪಿನ ಪಕ್ಕದಲ್ಲೇ ಜಾರಿ ಕೆಳಗಿಳಿಯುತ್ತದೆ, ಪರೀಕ್ಷೆಗೆಂದು ಕೊರೆದ ಬಾವಿಯೇ ವಿಷಕ್ಕೆ ದಾರಿಯಾಗುತ್ತದೆ. ಹುಡುಗನೊಬ್ಬ ತೂಕ ಕಟ್ಟಿದ ಟೇಪು ಬಿಟ್ಟು ಬಿಟ್ಟು ಅಳೆಯುತ್ತಿದ್ದ. ಗಾಡಿಯವನಿಗೆ ತಾಳ್ಮೆ ಕೆಟ್ಟಿತು. ‘ನೀರು ಬಂದಿದೆಯಲ್ಲ ಸಾರ್, ಇನ್ನೇನು ನೋಡ್ತೀರ?’

ಅವತ್ತಿನ ಮಣ್ಣಿನ ಮಾದರಿಗಳ ಗತಿಯನ್ನೂ ಹೇಳಬೇಕು. ಟ್ರೈಕ್ಲೋರೋಎಥಿಲೀನ್ ಗಾಳಿ ಕಂಡರೆ ಹಾರುವ ದ್ರವ. ಮಣ್ಣು ಮೇಲೆ ಬಂದ ಕೂಡಲೇ ಗಾಜಿನ ಸೀಸೆಗೆ ಹಾಕಿ, ಬಿಗಿದು, ಐಸ್ ಪೆಟ್ಟಿಗೆಯಲ್ಲಿಡಬೇಕು. ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಚೀಲಗಳು ಸಂಜೆಯವರೆಗೆ ಜೀಪಿನ ಹಿಂದೆ ಬಿಸಿಲಲ್ಲಿ ಕೂತಿದ್ದವು. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂತು. ಆ ಪದ ಕಡತ ಸೇರಿತು, ಈಗಲೂ ಅಲ್ಲೇ ಇರಬೇಕು.

ಇಷ್ಟು ನೋಡಿದವನು ಪಿಂಡರ್ ಸಾಕ್ಷ್ಯ ಓದುವ ರೀತಿಯೇ ಬೇರೆ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹೆಚ್ಚು ಸುರಿದರೆ ನೀರಿನ ಮಟ್ಟಕ್ಕೆ ಬಂದು ನಿಲ್ಲುವುದಿಲ್ಲ, ಇನ್ನೂ ಕೆಳಗಿಳಿದು ಜೇಡಿಯ ಮೇಲೆ ಕೂರುತ್ತದೆ. ಸೀಳು ಮೇಲ್ಪದರಕ್ಕೆ ಎದುರಾಗಿದ್ದರೆ ಬಾವಿ ‘ಶುದ್ಧ’ ಅನ್ನುತ್ತದೆ, ಇಪ್ಪತ್ತಡಿ ಕೆಳಗಿದ್ದರೆ ‘ವಿಷ’ ಅನ್ನುತ್ತದೆ. ಎರಡೂ ನಿಜ. ಅದಕ್ಕಿಂತ ಮುಖ್ಯವಾದ ಮಾತು: ವೂಬರ್ನ್‌ನ ಮಾನಿಟರಿಂಗ್ ಬಾವಿಗಳನ್ನು ಕೊರೆದದ್ದು ಜಿ, ಎಚ್ ಮುಚ್ಚಿದ ಮೇಲೆ. ಅವು ಹೇಳಬಲ್ಲದ್ದು ಇವತ್ತಿನ ಸುದ್ದಿ. ವಿಷವನ್ನು ಯಾವಾಗ ಸುರಿದರು, ಎಷ್ಟು ಸುರಿದರು, ದಾರಿಯ ಮಣ್ಣು ಎಷ್ಟನ್ನು ಹಿಡಿದಿಟ್ಟುಕೊಂಡಿತು ಎಂಬುದು ಆ ಸೀಳುಗಳಲ್ಲಿ ಬರೆದಿಲ್ಲ. ಜಿ, ಎಚ್ ಬಾವಿಗಳೂ ಸದಾ ಓಡುತ್ತಿರಲಿಲ್ಲ, ಬಿಟ್ಟು ಬಿಟ್ಟು ಓಡಿಸುತ್ತಿದ್ದರು.

ನ್ಯಾಯಾಲಯ ಕೇಳಿದ್ದು ಮಾತ್ರ ತಾರೀಖು. ನ್ಯಾಯಾಧೀಶ ಸ್ಕಿನ್ನರ್ ವಿಚಾರಣೆಯನ್ನು ತುಂಡು ಮಾಡಿ, ಮೊದಲು ನೀರಿನ ಪ್ರಶ್ನೆ, ಆಮೇಲೆ ಕಾಯಿಲೆಯ ಪ್ರಶ್ನೆ ಅಂದರು. ಮಕ್ಕಳನ್ನು ಕಳೆದುಕೊಂಡವರ ಮಾತು ಜ್ಯೂರಿಯ ಕಿವಿಗೆ ಬೀಳಲೇ ಇಲ್ಲ. ಜ್ಯೂರಿಗೆ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಕಂಪನಿಯ ರಾಸಾಯನಿಕ ಬಾವಿಗಳನ್ನು ಗಣನೀಯವಾಗಿ ಕೆಡಿಸತೊಡಗಿದ ತಿಂಗಳು ಮತ್ತು ವರ್ಷ ಬರೆಯಿರಿ ಎಂದಿತ್ತು. ಮೂವತ್ತು ದಿನದ ಪಂಪಿಂಗ್ ಪರೀಕ್ಷೆಯಿಂದ, ಹನ್ನೆರಡು ವರ್ಷ ಹಿಂದಿನ ತಿಂಗಳು!

ಇಲ್ಲೇ ನಮ್ಮ ಕೆಲವು ವಿಮರ್ಶಕ ಮಿತ್ರರ ಜತೆ ನನ್ನ ಜಗಳ. ಪಿಂಡರ್ ಮುಗ್ಗರಿಸಿದ್ದರಿಂದಲೇ ಕೇಸು ಬಿತ್ತು ಎಂಬುದು ಒಬ್ಬರ ವಾದ. ಕುತಂತ್ರಿ ವಕೀಲರು ವಿಜ್ಞಾನವನ್ನು ಸೋಲಿಸಿದರು ಎಂಬುದು ಇನ್ನೊಬ್ಬರದು. ಸಭೆಯೊಂದರಲ್ಲಿ ಇದನ್ನೇ ‘ಸತ್ಯಕ್ಕೆ ಬಿದ್ದ ಪೆಟ್ಟು’ ಎಂದು ಕೂಗಿ ಚಪ್ಪಾಳೆ ಗಿಟ್ಟಿಸಿದವರನ್ನೂ ಕಂಡಿದ್ದೇನೆ. ಇಬ್ಬರೂ ಸಾಕ್ಷಿಯನ್ನು ನೋಡುತ್ತಾರೆ, ಪ್ರಶ್ನೆಯನ್ನು ನೋಡುವುದಿಲ್ಲ. ನದಿಯ ವಿಷಯದಲ್ಲಿ ಪಿಂಡರ್ ಹಟ ಹಿಡಿದದ್ದು ತಪ್ಪೇ, ಅದನ್ನು ಮುಚ್ಚಿಡಬೇಕಿಲ್ಲ. ಎದುರು ವಕೀಲರು ಕೇಳಬೇಕಾದದ್ದನ್ನೇ ಕೇಳಿದರು. ಪಿಂಡರ್ ನದಿಯ ಪಾಲನ್ನು ಮೊದಲ ದಿನವೇ ಒಪ್ಪಿಕೊಂಡಿದ್ದರೂ ಆ ತಿಂಗಳು, ಆ ವರ್ಷ ನೆಲದಿಂದ ಮೇಲೆ ಬರುತ್ತಿರಲಿಲ್ಲ. ಹಾರ್‌ಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಉತ್ತರವಿಲ್ಲದ ಪ್ರಶ್ನೆಗಿಂತ ಸೋಲುವ ಮನುಷ್ಯ ಒಳ್ಳೆಯ ಕಥೆ, ಅವರು ಕಥೆಯನ್ನು ಆರಿಸಿಕೊಂಡರು.

1986ರ ಜುಲೈ 28ರಂದು ಜ್ಯೂರಿ ಬಿಯಾಟ್ರಿಸ್ ಕಂಪನಿಯನ್ನು ಬಿಟ್ಟಿತು, ಗ್ರೇಸ್ ಕಂಪನಿಯನ್ನು ಹಿಡಿಯಿತು. ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲಿ ಬರೆದದ್ದು 1973ರ ಸೆಪ್ಟೆಂಬರ್. ಈ ಹೋರಾಟವನ್ನು ಶುರುಮಾಡಿದ ತಾಯಿಯ ಮಗನಿಗೆ ಕಾಯಿಲೆ ಪತ್ತೆಯಾಗಿದ್ದು 1972ರ ಜನವರಿಯಲ್ಲಿ.